ಹಿಡಿಯೋರಿಲ್ಲದ ಕಾನೂನು

ಈ ವಾರ ಅಂತಾರಾಷ್ಟ್ರೀಯ ಕಾನೂನಿನ ಕ್ಲಾಸಿನಲ್ಲಿ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ಹಿಡಿದು ಒಳಗೆ ಹಾಕೋರೇ ಇಲ್ಲ ಅಂದ್ಮೇಲೆ ಇದು ಎಂಥ ಕಾನೂನು?" ಎಲ್ಲರೂ ನಕ್ಕರು. ಅವನು ನಗಲಿಲ್ಲ. ಯುದ್ಧದ ಸುದ್ದಿ ನೋಡಿ ಸಿಟ್ಟಾಗಿದ್ದ.

ಸ್ಟಾಫ್ ರೂಮಿನಲ್ಲಿ ಈ ಮಾತು ತೆಗೆದರೆ ಹಿರಿಯರೊಬ್ಬರು, "ಸುಮ್ನೆ ಸಿಲಬಸ್ ಮುಗಿಸಿ ಮೇಡಂ, ಪರೀಕ್ಷೆಗೆ ಇದೆಲ್ಲ ಬರಲ್ಲ" ಅಂದರು. ಅವರ ಮೇಲಿದ್ದ ಗೌರವ ಸ್ವಲ್ಪ ಇಳಿಯಿತು. ಹಿಡಿದು ಒಳಗೆ ಹಾಕೋರೇ ಇಲ್ಲ ಅಂದ್ಮೇಲೆ? ಈ ವಿಷಯ ಶುರುವಾಗಬೇಕಾದದ್ದೇ ಅಲ್ಲಿಂದ.

ಮರುದಿನ ಅಂತಾರಾಷ್ಟ್ರೀಯ ಕಾನೂನಿನ ಪಂಡಿತ ಹೆರ್ಶ್ ಲೌಟರ್‌ಪಾಕ್ಟ್ ಕಥೆ ಹೇಳಿದೆ. 1897ರಲ್ಲಿ ಈಗಿನ ಉಕ್ರೇನಿನ ಲ್ವಿವ್ ಹತ್ತಿರ ಹುಟ್ಟಿದ ಯಹೂದಿ. ವಿಯೆನ್ನಾದಲ್ಲಿ ಓದಿ, 1923ರಲ್ಲಿ ಲಂಡನ್ನಿಗೆ ಬಂದು, ಪರಭಾಷೆಯಲ್ಲಿ ಪಾಠ ಮಾಡಿ, 1938ರಲ್ಲಿ ಕೇಂಬ್ರಿಜ್‌ನ ಪ್ರೊಫೆಸರ್ ಆದರು. 1945ರ ಬೇಸಿಗೆಯಲ್ಲಿ ಇವರನ್ನು ಕಾಣಲು ಅಮೆರಿಕದ ಪ್ರಾಸಿಕ್ಯೂಟರ್ ರಾಬರ್ಟ್ ಜಾಕ್ಸನ್ ಕೇಂಬ್ರಿಜ್‌ಗೇ ಬಂದರು. ನಾಜಿ ನಾಯಕರ ಆರೋಪಪಟ್ಟಿಗೆ 'ಮಾನವತೆಯ ವಿರುದ್ಧದ ಅಪರಾಧ' ಅಂತ ಸೇರಿಸಿ ಅಂದವರು ಲೌಟರ್‌ಪಾಕ್ಟ್. ತನ್ನ ಪ್ರಜೆಗಳನ್ನು ತಾನೇ ಕೊಂದ ಸರ್ಕಾರ ಅಲ್ಲಿಯವರೆಗೆ ಹೊರಗಿನ ಯಾರಿಗೂ ಉತ್ತರ ಹೇಳಬೇಕಿರಲಿಲ್ಲ.

ನವೆಂಬರಿನಲ್ಲಿ, ನಾಜಿ ನಾಯಕರ ವಿಚಾರಣೆ ನಡೆದ ಜರ್ಮನಿಯ ನ್ಯೂರೆಂಬರ್ಗ್ ಕೋರ್ಟಿನಲ್ಲಿ ಅವರು ಬ್ರಿಟಿಷ್ ತಂಡದ ಜೊತೆ ಕೂತರು. ಎದುರಿಗೆ ಕಟಕಟೆಯಲ್ಲಿ ನಾಜಿ ನಾಯಕ ಹಾನ್ಸ್ ಫ್ರಾಂಕ್. ಲ್ವಿವ್ ಇದ್ದ ಸೀಮೆಯನ್ನು ಆಳಿದವನು, ಅವನೂ ವಕೀಲನೇ! ಅಪ್ಪ ಅಮ್ಮ ಏನಾದರು ಅನ್ನುವ ಸುದ್ದಿ ಲೌಟರ್‌ಪಾಕ್ಟ್‌ಗೆ ಇನ್ನೂ ಬಂದಿರಲಿಲ್ಲ. ಹಾಗಿದ್ದೂ ಬ್ರಿಟನ್ನಿನ ಮುಖ್ಯ ಪ್ರಾಸಿಕ್ಯೂಟರ್ ಶಾಕ್ರಾಸ್ ಮಾಡಬೇಕಿದ್ದ ವಾದಕ್ಕೆ ಕರಡು ಬರೆದುಕೊಟ್ಟರು. ಆಮೇಲೆ ತಿಳಿಯಿತು, ಊರಲ್ಲಿದ್ದ ಅವರ ಮನೆಯವರಲ್ಲಿ ಬದುಕಿ ಉಳಿದವಳು ಸೋದರಿಯ ಮಗಳು ಒಬ್ಬಳೇ.

ಕ್ಲಾಸು ಮುಗಿದ ಮೇಲೆ ಹುಡುಗ ನನ್ನ ಹಿಂದೆಯೇ ಬಂದ. "ಅಂಥವನ ಎದುರು ಕೂತು ಅಷ್ಟು ತಣ್ಣಗೆ ಹೇಗೆ ಬರೆದರು ಮೇಡಂ?"

ನನಗೂ ಅದೇ ತಲೆಯಲ್ಲಿ ಕೊರೆಯುತ್ತಿದೆ. ಕೋಪಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಕೋಪವನ್ನು ಕಾನೂನಿನ ಕಲಂ ಮಾಡಬೇಕು, ಪುರಾವೆ ಮಾಡಬೇಕು. ಅದಕ್ಕೆ ವರ್ಷಗಟ್ಟಲೆ ಓದು ಬೇಕು, ಮೇಷ್ಟ್ರುಗಳು ಬೇಕು. ಫ್ರಾಂಕ್‌ಗೆ 1946ರಲ್ಲಿ ಗಲ್ಲಾಯಿತು. ಹಿಡಿಯೋರು ಸಿಕ್ಕಿದ್ದು ಜರ್ಮನಿ ಸೋತಿದ್ದರಿಂದ, ನಿಜ. ಆದರೆ ಹಿಡಿದ ಮೇಲೆ ಏನಂತ ಕೇಳಬೇಕು ಅನ್ನುವುದು ಯಾರಾದರೂ ಬರೆದಿಟ್ಟಿರಬೇಕಲ್ವಾ?

'ಮಾನವತೆಯ ವಿರುದ್ಧದ ಅಪರಾಧ' ಈಗ 1998ರ ರೋಮ್ ಶಾಸನದ, ಅಂದರೆ ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟನ್ನು ಹುಟ್ಟುಹಾಕಿದ ಒಪ್ಪಂದದ, 7ನೇ ಕಲಂ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಯಾಕೆ ಹಾಕಿಲ್ಲ ಅನ್ನುವುದೇ ಮುಂದಿನ ವಾರದ ಚರ್ಚೆ, ಪರೀಕ್ಷೆಗೆ ಬರಲಿ, ಬಿಡಲಿ.