ಎರಡು ಕ್ಯಾನ್ ಸುರಂಗದ ನೀರು

ಕಾಸರಗೋಡಿನ ವಿದ್ಯಾನಗರದ ಈ ಫ್ಲ್ಯಾಟಿಗೆ ನಾವು ಬಂದು ಎಂಟು ತಿಂಗಳಾಯಿತು. ಮೂರನೇ ಮಾಳಿಗೆ. ಎರಡು ಕೋಣೆ, ಒಂದು ಹಾಲ್, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ನೀರ್ಚಾಲಿನ ಹತ್ತಿರ ಹಳೆ ಮನೆ ಇದ್ದ ಜಾಗದಲ್ಲೇ ನಮ್ಮ ಹೊಸ ಮನೆ ಏಳುತ್ತಾ ಇದೆ. ಅದು ಮುಗಿಯುವವರೆಗೆ ನಾಲ್ಕು ಜನ ಇಲ್ಲಿ. ನಾನು, ಇವರು, ಪ್ಲಸ್ ಟು ಓದುವ ಮಗಳು, ಮತ್ತೆ 76 ವರ್ಷದ ಅತ್ತೆ.

ಸಿಕ್ಕಿದವರೆಲ್ಲ ಎಷ್ಟು ಸ್ಕ್ವೇರ್ ಫೀಟ್, ಎಷ್ಟು ಖರ್ಚು ಅಂತ ಕೇಳುತ್ತಾರೆ. ನನಗೆ ಬರೆಯಬೇಕು ಅನಿಸಿದ್ದು ನೀರಿನ ವಿಷಯ. ಈ ಎಂಟು ತಿಂಗಳಲ್ಲಿ ನಮ್ಮ ಮನೆಯಲ್ಲಿ ಜಾಸ್ತಿ ಮಾತಾಡಿದ್ದೇ ಅದನ್ನು.

ಹಳೆ ಮನೆ ಮಣ್ಣಿನ ಗೋಡೆಯದ್ದು, ಹಂಚಿನ ಮಾಡು. ಅತ್ತೆ ಮದುವೆಯಾಗಿ ಬಂದದ್ದು ಅದೇ ಮನೆಗೆ, 19ನೇ ವರ್ಷಕ್ಕೆ. ಹಂಚು ಹೊರುವ ಮರದ ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು. ಹೋದ ವರ್ಷ ಆಟಿ ತಿಂಗಳ ಮಳೆಗೆ ಅಡುಗೆಮನೆಯ ಹಿಂದಿನ ಗೋಡೆ ರಾತ್ರಿ ಜರಿದು ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಮೇಲೆ ಆ ಮನೆಯಲ್ಲಿ ಮಲಗಿದರೆ ಯಾರಿಗೂ ನಿದ್ದೆ ಹತ್ತುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಹಂಚು ಇಳಿಸಿದೆವು. ಒಳ್ಳೆ ಹಂಚು, ಹಲಸಿನ ಮರದ ನಾಲ್ಕು ಕಂಬ, ಚಾವಡಿಯ ಬಾಗಿಲು ಮತ್ತೆ ಅದರ ದಾರಂದ, ಇಷ್ಟನ್ನು ಅಡಿಕೆ ಕೊಟ್ಟಿಗೆಯಲ್ಲಿ ಜೋಡಿಸಿಟ್ಟೆವು. ದನ ಎರಡನ್ನು ನೆರೆಮನೆಯವರು ಸಾಕುತ್ತೇವೆ ಅಂತ ಕರೆದುಕೊಂಡು ಹೋದರು. ಅತ್ತೆ ಆ ದಿನ ಹಟ್ಟಿಯ ಹತ್ತಿರ ಹೋಗಲಿಲ್ಲ.

ಬಾಡಿಗೆ ಕರಾರು 11 ತಿಂಗಳಿಗೆ. ಅಷ್ಟರೊಳಗೆ ಮನೆ ಮುಗಿಯುತ್ತದೆ ಅಂತ ನಮ್ಮ ಲೆಕ್ಕ. ಹಾಗಾಗಿ ಡಬ್ಬಿಗಳನ್ನು ಸುಮ್ನೆ ಯಾಕೆ ಬಿಚ್ಚುವುದು ಅಂತ ಅರ್ಧಕ್ಕರ್ಧ ಹಾಗೇ ಬಿಟ್ಟೆವು. ಹಾಲಿನ ಒಂದು ಗೋಡೆಗೆ ಪೂರ್ತಿ ರಟ್ಟಿನ ಡಬ್ಬಿ. ಅದು ತಪ್ಪು. ಹಳೆ ಮನೆಯ ಕರೆಂಟು ತೆಗೆಸಿಯಾಗಿತ್ತು, ಕೆಲಸದ ಮಟ್ಟಿಗೆ ವಿದ್ಯುತ್ ಮಂಡಳಿ ಕೆಎಸ್‌ಇಬಿಯಿಂದ ತಾತ್ಕಾಲಿಕ ಕನೆಕ್ಷನ್ ಬೇಕು. ಅದಕ್ಕೆ ಕೊಡಬೇಕಾದ ಭೂ ತೆರಿಗೆಯ ರಶೀದಿ ಯಾವ ಡಬ್ಬಿಯಲ್ಲಿ? ರಾತ್ರಿ ಒಂದು ಗಂಟೆಯವರೆಗೆ ಹುಡುಕಿದೆವು. ಅತ್ತೆಯ ಸೀರೆಯ ಡಬ್ಬಿಯ ಅಡಿಯಲ್ಲಿ ಸಿಕ್ಕಿತು. ಮನೆ ಬಿಚ್ಚಿ ಕಟ್ಟುವವರು ಯಾರಾದರೂ ಇದನ್ನು ಓದುತ್ತಾ ಇದ್ದರೆ ಒಂದು ಮಾತು. ಪರ್ಮಿಟ್, ತೆರಿಗೆ ರಶೀದಿ, ರೇಷನ್ ಕಾರ್ಡು, ಆಧಾರ, ಇದೆಲ್ಲ ಒಂದೇ ಚೀಲದಲ್ಲಿ ನಿಮ್ಮ ಕೈಯಲ್ಲೇ ಬರಲಿ. ಲಾರಿಗೆ ಹಾಕಬೇಡಿ.

ಮಾರನೇ ದಿನ ಎಲ್ಲ ಡಬ್ಬಿ ಬಿಚ್ಚಿದೆ. ಕಂಚಿನ ಉರುಳಿ, ಮಜ್ಜಿಗೆಯ ಭರಣಿ, ಅತ್ತೆಯ ಮೆಟ್ಟುಕತ್ತಿ ಹೊರಗೆ ಬಂತು. ಅಡುಗೆಯ ವಾಸನೆ ಆ ಸಂಜೆಯೇ ಬದಲಾಯಿತು. ಒಂದು ಮಾತ್ರ ಬದಲಾಗಲಿಲ್ಲ.

"ಎಂತದಿದು, ಈ ನೀರಿಗೆ ರುಚಿಯೇ ಇಲ್ಲವಲ್ಲ?" ಅಂದರು ಅತ್ತೆ.

ಇಲ್ಲಿ ಬೋರ್‌ವೆಲ್ ಇದೆ, ವಾಟರ್ ಅಥಾರಿಟಿಯ ನೀರೂ ಇದೆ. ಕಾಸರಗೋಡು ಪೇಟೆಗೆ ನೀರು ಬರುವುದು ಪಯಸ್ವಿನಿಯಿಂದ, ಬಾವಿಕ್ಕೆರೆಯಲ್ಲಿ ಎತ್ತಿದ್ದು. ಮೊದಲೆಲ್ಲ ಬೇಸಗೆಯಲ್ಲಿ ಸಮುದ್ರದ ನೀರು ಹೊಳೆಯಲ್ಲಿ ಅಲ್ಲಿವರೆಗೆ ಏರಿ, ಪೇಟೆಯವರಿಗೆ ಉಪ್ಪು ನೀರೇ ಗತಿ. ಅದನ್ನು ತಡೆಯಲಿಕ್ಕೆ ಪ್ರತಿ ವರ್ಷ ಮಣ್ಣು ಮರಳಿನ ಚೀಲ ಇಟ್ಟು ಕಟ್ಟ ಕಟ್ಟುತ್ತಿದ್ದರು. ಈಗ ಶಾಶ್ವತ ಅಣೆಕಟ್ಟು ಆಗಿದೆ, ಆ ಕಷ್ಟ ಇಲ್ಲ. ನನಗಂತೂ ಈ ನೀರಲ್ಲಿ ಒಂದು ದೋಷವೂ ಕಾಣಲಿಲ್ಲ. ಆದರೆ ಅತ್ತೆ ಕುಡಿದದ್ದು 57 ವರ್ಷ ಸುರಂಗದ ನೀರು.

ನಮ್ಮ ಕಡೆಯವರಿಗೆ ಸುರಂಗ ಏನಂತ ಹೇಳಬೇಕಾಗಿಲ್ಲ. ದೂರದವರಿಗಾಗಿ ಬರೆಯುತ್ತೇನೆ. ಗುಡ್ಡದ ಬದಿಯಿಂದ ಒಳಗೆ, ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಮುರಕಲ್ಲನ್ನು ಅಡ್ಡ ಕೊರೆದುಕೊಂಡು ಹೋಗುವುದು. ನೀರಿನ ಒರತೆ ಸಿಕ್ಕಿದಲ್ಲಿ ನಿಲ್ಲಿಸುವುದು. ನೀರು ತಾನಾಗಿ ಇಳಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ನಮ್ಮದು ಸುಮಾರು 60 ಕೋಲು ಉದ್ದ, ಒಂದು ಕೋಲು ಅಂದರೆ ಹೆಚ್ಚು ಕಡಿಮೆ ಎರಡೂವರೆ ಅಡಿ. ಮಾವನ ಅಪ್ಪನ ಕಾಲದ್ದು. ಮೊದಲು ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ಬರುತ್ತಿದ್ದ ನೀರು ಈಗ ಪೈಪಿನಲ್ಲಿ ಬರುತ್ತದೆ. ಕಾಸರಗೋಡಿನ ಗುಡ್ಡಗಳಲ್ಲಿ ಇಂಥದ್ದು ಸಾವಿರಗಟ್ಟಲೆ ಇವೆ.

ಇವರು ತೋಟಕ್ಕೆ, ಕೆಲಸದ ಜಾಗಕ್ಕೆ ದಿನಾ ಹೋಗುತ್ತಾರೆ. ಉಳಿಯತ್ತಡ್ಕ, ಸೀತಾಂಗೋಳಿ ದಾಟಿ ನೀರ್ಚಾಲು. ಬರುವಾಗ ಸ್ಕೂಟರಿನ ಮುಂದೆ ಹತ್ತತ್ತು ಲೀಟರಿನ ಎರಡು ಕ್ಯಾನ್. ಒಂದು ಕುಡಿಯಲಿಕ್ಕೆ, ಒಂದು ಅನ್ನಕ್ಕೆ, ಕಾಫಿಗೆ. ಮೊದಲ ವಾರ ನನಗೆ ಸಿಟ್ಟು ಬಂದಿತ್ತು. ಇಷ್ಟು ನೀರು ಮನೆಯಲ್ಲೇ ಇರುವಾಗ ದಣಿದು ಬರುವ ಮನುಷ್ಯ ಇದನ್ನೂ ಹೊರಬೇಕಾ ಅಂತ. ಇವರು ಏನೂ ಹೇಳಲಿಲ್ಲ. ಅತ್ತೆ ಸರಿಯಾಗಿ ಊಟ ಮಾಡಲಿಕ್ಕೆ ಶುರು ಮಾಡಿದ್ದು ಆ ನೀರು ಬಂದ ಮೇಲೆ. ಆಮೇಲೆ ನಾನೇ ಕ್ಯಾನ್ ತೊಳೆದು ಬಾಗಿಲ ಹತ್ತಿರ ಇಡಲಿಕ್ಕೆ ಶುರು ಮಾಡಿದೆ.

ಕೆಲಸ ಒಂದೊಂದಾಗಿ ಆಯಿತು. ಜಾಗಕ್ಕೆ ಗೂಟ ಹೊಡೆಯುವ ಕುತ್ತಿ ಪೂಜೆ, ಪಂಚಾಂಗ ಅಂದರೆ ಅಡಿಪಾಯ, ಆಮೇಲೆ ಗೋಡೆ. ಗೋಡೆಗೆ ಕೆಂಪುಕಲ್ಲೇ ಬೇಕು ಅಂತ ನಾನು ಹಟ ಹಿಡಿದಿದ್ದೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಅದಕ್ಕೆ ಲ್ಯಾಟರೈಟ್ ಅನ್ನುವ ಹೆಸರು ಬಂದದ್ದು ಕೇರಳದಲ್ಲೇ, ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದ ಕಲ್ಲನ್ನು ನೋಡಿ. ಬುಕಾನನ್ 1807ರಲ್ಲಿ ಬರೆದದ್ದು. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಲೇಟರ್ ಅನ್ನುತ್ತಾರಂತೆ. ಮಗಳು ಹೇಳಿಕೊಟ್ಟದ್ದು. ಸುರಂಗ ಕೊರೆದ ಕಲ್ಲೂ ಅದೇ, ಗೋಡೆಯ ಕಲ್ಲೂ ಅದೇ ಅಂತ ಗೊತ್ತಾದಾಗ ನನಗೆ ತುಂಬಾ ಸಂತೋಷವಾಯಿತು.

ಆದರೆ ಮೊದಲು ವಹಿಸಿಕೊಂಡ ಮೇಸ್ತ್ರಿ ಬೇರೆ ಎರಡು ಕಡೆಯೂ ಕೆಲಸ ಹಿಡಿದಿದ್ದರು. ಜನವರಿ ಪೂರ್ತಿ ಅರ್ಧ ಗೋಡೆ ಹಾಗೇ ನಿಂತಿತ್ತು. ದಿನಾ ಸಂಜೆ ಅತ್ತೆ, "ಇವತ್ತು ಎಷ್ಟು ವರಿ ಕಲ್ಲು ಆಯಿತು ಮಗ?" ಅಂತ ಕೇಳುವುದು, ಇವರು ತಲೆ ಬಗ್ಗಿಸಿ ಕೈಕಾಲು ತೊಳೆಯಲಿಕ್ಕೆ ಹೋಗುವುದು. ಕೊನೆಗೆ ಬೇರೆಯವರು ಬಂದರು. ಟೆರೇಸಿನ ಕಾಂಕ್ರೀಟ್ ಆದದ್ದು ವಿಷುವಿಗೆ ನಾಲ್ಕು ದಿನ ಮೊದಲು.

ಆ ದಿನ 22 ಜನ ಕೆಲಸದವರು. ಊಟ ನಮ್ಮದು. ಫ್ಲ್ಯಾಟಿನ ಎರಡು ಒಲೆಯಲ್ಲಿ ಅಷ್ಟು ಜನರಿಗೆ ಬೇಯಿಸುವುದು ಹೇಗೆ? ಎದುರಿನ ಬಾಗಿಲಿನ ಚೇಚಿ ಬಂದರು, ಮಲಯಾಳದಲ್ಲಿ ಅಕ್ಕನಿಗೆ ಹಾಗನ್ನುವುದು. ಪಯ್ಯನ್ನೂರಿನವರು. ಅವರಿಗೆ ಕನ್ನಡ ಬರುವುದಿಲ್ಲ, ಅತ್ತೆಗೆ ಮಲಯಾಳ ಅಷ್ಟಕ್ಕಷ್ಟೆ. "ವಾರ್ಪ್ ಅಲ್ಲೇ?" ಅಂತ, ಕಾಂಕ್ರೀಟ್ ಅಲ್ವಾ ಅಂತ ಕೇಳಿ, ಅನ್ನ ತನ್ನ ಮನೆಯಲ್ಲಿ ಇಡುತ್ತೇನೆ ಅಂದರು. ಬೆಳಿಗ್ಗೆ ಐದಕ್ಕೆ ಎರಡೂ ಬಾಗಿಲು ತೆರೆದಿತ್ತು. ಅನ್ನ ಅವರಲ್ಲಿ, ಸಾಂಬಾರು, ಪಲ್ಯ ನಮ್ಮಲ್ಲಿ. ಪಾತ್ರೆಗಳು ಆಚೆಯಿಂದ ಈಚೆ ಓಡಾಡಿದವು. ಜೀಪಿಗೆ ತುಂಬಿಸಿ ಕಳಿಸುವಾಗ ಹನ್ನೊಂದೂವರೆ.

ನಿಜವಾದ ಚಿಂತೆ ಶುರುವಾದದ್ದು ಮಾರನೇ ದಿನದಿಂದ. ಕಾಂಕ್ರೀಟಿಗೆ ನೀರು ಕುಡಿಸಬೇಕಲ್ವಾ? ಮಾಮೂಲಿ ಸಿಮೆಂಟಾದರೆ ಕಡಿಮೆ ಎಂದರೂ 7 ದಿನ, ಹಾರುಬೂದಿ ಸೇರಿದ ಪಿಪಿಸಿ ಸಿಮೆಂಟಿಗೆ 10 ದಿನ ತೇವ ಆರಬಾರದು ಅಂದರು ಎಂಜಿನಿಯರ್. ಮೂರು ವಾರ ಕೊಟ್ಟರೆ ಇನ್ನೂ ಒಳ್ಳೆಯದು. ಅಗಲದ ಕೋಣೆಯಲ್ಲಿ ಕಾಂಕ್ರೀಟಿಗೆ ಅಡಿಯಿಂದ ಕೊಟ್ಟ ಆಸರೆ ಕಂಬಗಳನ್ನು 14 ದಿನದ ಮೊದಲು ಮುಟ್ಟಲೇಬಾರದು. ಟೆರೇಸಿನ ಮೇಲೆ ಸಣ್ಣ ಸಣ್ಣ ಕಟ್ಟೆ ಮಾಡಿ, ಗದ್ದೆಯ ಹುಣಿಯ ಹಾಗೆ, ಒಳಗೆ ನೀರು ನಿಲ್ಲಿಸಿದರು. ಆ ಏಪ್ರಿಲಿನ ಬಿಸಿಲಿಗೆ ಬೆಳಿಗ್ಗೆ ನಿಲ್ಲಿಸಿದ ನೀರು ಸಂಜೆಗೆ ಆರುತ್ತಿತ್ತು. ಅದೇ ಹೊತ್ತಿಗೆ ಸುರಂಗದ ನೀರು ಸಪೂರ ಆಗಿತ್ತು. ಅದೇ ಹೊತ್ತಿಗೆ ಅಡಿಕೆ ತೋಟವೂ ನೀರು ಕೇಳುತ್ತಿತ್ತು.

ಟ್ಯಾಂಕರ್ ತರಿಸೋಣ ಅಂದೆ ನಾನು. ಅತ್ತೆ ಒಪ್ಪಲಿಲ್ಲ. ಮೇಲಿನ ತಟ್ಟಿನ ಎಳೆ ಗಿಡಗಳಿಗೆ ದಿನಾ ನೀರು ಬೇಕು, ಕೆಳಗಿನ ಹಳೆ ಮರಗಳು ಎರಡು ದಿನ ತಡೆಯುತ್ತವೆ ಅಂದರು. ರಾತ್ರಿ ಪೂರ್ತಿ ಸುರಂಗದ ನೀರು ಟ್ಯಾಂಕಿಗೆ ಬೀಳಲಿ, ಬೆಳಿಗ್ಗೆ ಮೊದಲು ಟೆರೇಸಿಗೆ, ಉಳಿದದ್ದು ಗಿಡಕ್ಕೆ. ಫ್ಲ್ಯಾಟಿನ ಕುರ್ಚಿಯಲ್ಲಿ ಕೂತು ಅಷ್ಟೂ ಹೇಳಿದರು. ಒಂದು ಕಾಗದ ನೋಡಲಿಲ್ಲ. 21 ದಿನ ಹಾಗೇ ನಡೆಯಿತು. ಆ 21 ದಿನ ಅತ್ತೆ ಕ್ಯಾನ್ ತರಬೇಡ ಅಂದರು. ಇಲ್ಲಿಯ ನಳ್ಳಿ ನೀರನ್ನೇ ಜೀರಿಗೆ ಹಾಕಿ ಕುದಿಸಿ ಕುಡಿದರು. ನಾನು ಏನೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ.

ಆಗಲೇ ಹಲಸಿನಕಾಯಿಯ ಕಾಲ. ಇವರು ನಾಲ್ಕು ಕಾಯಿ ತಂದರು. ಹಪ್ಪಳ ಮಾಡದ ಬೇಸಗೆ ಅತ್ತೆಗೆ ಇಲ್ಲ. ಫ್ಲ್ಯಾಟಿನ ಟೆರೇಸಿಗೆ ಬೀಗ. ಕೀ ಕೇಳಲಿಕ್ಕೆ ನನಗೆ ಸಂಕೋಚವಿತ್ತು, ಚೇಚಿ ಹೋಗಿ ತಂದರು. ಸೊಳೆ ಬೇಯಿಸಿ, ಮೆಣಸು ಉಪ್ಪು ಕೊತ್ತಂಬರಿ ಹಾಕಿ ಕಡೆದು, ಉಂಡೆ ಮಾಡಿ, ಬಾಳೆಲೆಯ ತುಂಡಿನ ಮೇಲೆ ಮಣೆಯಿಂದ ಒತ್ತುವುದು. ಚೇಚಿ ಒತ್ತಿದ ಮೊದಲ ಹತ್ತು ಹಪ್ಪಳ ದಪ್ಪ ಆಯಿತು. ಅತ್ತೆ ಅವರ ಕೈ ಹಿಡಿದು ತೋರಿಸಿಕೊಟ್ಟರು. ಕೆಳಗಿನ ಮಾಳಿಗೆಯ ಇಬ್ಬರು ಹೆಂಗಸರು ನೋಡಲಿಕ್ಕೆ ಬಂದು ಅಲ್ಲೇ ಕೂತರು. ಒಬ್ಬರದ್ದು ಕೊಂಕಣಿ, ಇನ್ನೊಬ್ಬರದ್ದು ತುಳು. ಮೂರು ದಿನದಲ್ಲಿ 300 ಹಪ್ಪಳ. ಈಗ ಮಳೆಗೆ ಸಂಜೆ ಹೊತ್ತು ಈ ಕಟ್ಟಡದಲ್ಲಿ ಹಪ್ಪಳ ಹುರಿಯುವ ವಾಸನೆ ಬಂದರೆ ಅದು ಯಾರ ಮನೆಯದ್ದೂ ಆಗಿರಬಹುದು.

ಟೆರೇಸಿನ ಮೇಲೆ ಹಳೆ ಹಂಚನ್ನೇ ಹಾಕಿಯಾಯಿತು, ಮಳೆ ಹಿಡಿಯುವ ಒಂದು ವಾರ ಮೊದಲು. ಚಾವಡಿಯ ದಾರಂದವೂ ನಿಂತಿದೆ. ಒಳಗಿನ ಸಾರಣೆ, ವಯರಿಂಗ್ ನಡೆಯುತ್ತಾ ಇದೆ. ನೆಲಕ್ಕೆ ಕಾವಿ ಹಾಕುವ ಒಬ್ಬರು ಸಿಕ್ಕಿದ್ದಾರೆ. ಅವರು ಬರುವುದು ಮಳೆ ಬಿಟ್ಟ ಮೇಲೆ. ಕರಾರು ಮುಗಿಯುವ ಹೊತ್ತಿಗೆ ಮನೆ ಮುಗಿಯುವುದಿಲ್ಲ. ಅದರ ಮೇಲೆ ಇನ್ನೂ ಮೂರು ತಿಂಗಳು ಇರುತ್ತೇವೆ ಅಂತ ಫ್ಲ್ಯಾಟಿನವರಿಗೆ ಹೇಳಿದ್ದೇವೆ.

ಕ್ಯಾನ್ ಪುನಃ ಬರುತ್ತಾ ಇದೆ. ಈಗ ಮೂರು. ಒಂದು ಚೇಚಿಗೆ. ಒಂದು ದಿನ ಅತ್ತೆ ಕೊಟ್ಟ ಕಾಫಿ ಕುಡಿದು, ಇದು ಯಾವ ಪುಡಿ ಅಂತ ಅವರು ಕೇಳಿದ್ದರು. ಪುಡಿ ಅಂಗಡಿಯದ್ದೇ, ನೀರು ನಮ್ಮದು ಅಂತ ಮಗಳು ಮಲಯಾಳದಲ್ಲಿ ತಿಳಿಸಿದಳು. ಹೊಸ ಮನೆ ಒಕ್ಕಲಿನ ದಿನ ಮೊದಲೇ ಹೇಳಬೇಕು, ರಜೆ ಹಾಕಬೇಕು ಅಂತ ಚೇಚಿ ಈಗಿಂದಲೇ ಹೇಳಿಟ್ಟಿದ್ದಾರೆ. ಒಂದು ದಿನ ಮೊದಲೇ ಬರಲಿ ಅಂತ ಅತ್ತೆ. ಒಕ್ಕಲಿನ ದಿನ ಜನ ಇರುತ್ತಾರೆ, ಸುರಂಗ ತೋರಿಸಲಿಕ್ಕೆ ಪುರುಸೊತ್ತು ಸಿಗುವುದಿಲ್ಲ.