ಕವಿಮನೆಯಲ್ಲಿ ಅವ್ವ ಮಜ್ಜಿಗೆ ಕಡೆದಳು

ಮ್ಯೂಸಿಯಂ ಅಂದ್ರೆ ಅವ್ವನಿಗೆ ಅಷ್ಟಕ್ಕಷ್ಟೆ. ಹಿಂದೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಟ್ಟಿರುವ ವೀರಗಲ್ಲುಗಳನ್ನು ನೋಡಿ, "ಇವೆಲ್ಲ ಯಾವ ಊರಿನವು? ಆ ಊರಿನವರು ಈಗ ಯಾವುದಕ್ಕೆ ಹೂ ಇಡ್ತಾರೆ?" ಅಂತ ಕೇಳಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕಲ್ಲು ಕಾಪಾಡಬೇಕು ನಿಜ, ಆದರೆ ಅದು ನಿಂತಿದ್ದ ಹೊಲ, ಕೆರೆ ಏರಿ ಜೊತೆಗೆ ಬರುವುದಿಲ್ಲ ಅಲ್ವಾ?

ಈಗ ಮ್ಯೂಸಿಯಂ ಆಗಿರುವ ಕುಪ್ಪಳಿಯ ಕವಿಮನೆ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ, ಅಲ್ಲಿ ಮನೆಯ ವಸ್ತುಗಳು ಮನೆಯಲ್ಲೇ ಇವೆ. ಕುವೆಂಪು 1904ರಲ್ಲಿ ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ, ಬೆಳೆದಿದ್ದು ತೀರ್ಥಹಳ್ಳಿ ತಾಲ್ಲೂಕಿನ ಈ ತೊಟ್ಟಿ ಮನೆಯಲ್ಲಿ. ಅವರ ಪುಸ್ತಕ, ಪ್ರಶಸ್ತಿ, ಫೋಟೋ ಎಲ್ಲ ಇವೆ. ಅವ್ವ ಅವುಗಳಿಗೆ ಕೈ ಮುಗಿದು ಮುಂದೆ ನಡೆದಳು. ನಿಂತಿದ್ದು ಅಡುಗೆಮನೆಯಲ್ಲಿ, ಕಡೆಗೋಲಿನ ಮುಂದೆ.

ಅಲ್ಲಿಗೆ ಬಂದಿದ್ದ ಕಾಲೇಜು ಹುಡುಗಿಯರಲ್ಲಿ ಒಬ್ಬಳು, "ಅಜ್ಜಿ, ಇದನ್ನ ತಿರುಗಿಸೋದು ಹೇಗೆ?" ಅಂದಳು. ಅವ್ವ ಸೆರಗು ಸಿಕ್ಕಿಸಿಕೊಂಡು ಬರಿಗೈಯಲ್ಲೇ ತೋರಿಸಿದಳು. ಕೋಲು ಅಲುಗದ ಹಾಗೆ ಕಂಬಕ್ಕೊಂದು ಹಗ್ಗದ ಕುಣಿಕೆ. ಕೋಲಿಗೆ ಸುತ್ತಿದ ಇನ್ನೊಂದು ಹಗ್ಗದ ಎರಡು ತುದಿ ಎರಡು ಕೈಯಲ್ಲಿ. ಬಲಗೈ ಎಳೆದಾಗ ಎಡಗೈ ಸಡಿಲ ಬಿಡಬೇಕು. "ಎರಡೂ ಕೈ ಜಗ್ಗಿದ್ರೆ ಹಗ್ಗ ಬಿಗಿಯುತ್ತೆ, ಅಷ್ಟೇ. ಮಳೆಗಾಲದಲ್ಲಿ ಬೆಣ್ಣೆ ಬೇಗ ಕೂಡೋದಿಲ್ಲ, ಸ್ವಲ್ಪ ಬಿಸಿನೀರು ಹಾಕ್ಬೇಕು. ಬ್ಯಾಸಗೇಲಿ ತಣ್ಣೀರು. ಬೆಣ್ಣೆ ಬಂತು ಅಂದ್ರೆ ಸದ್ದೇ ಬದಲಾಗುತ್ತೆ ತಂಗೀ, ನೋಡೋದೇ ಬ್ಯಾಡ."

ಆ ಹುಡುಗಿಯರು ಸಾಲಾಗಿ ನಿಂತು ಗಾಳಿಯಲ್ಲಿ ಹಗ್ಗ ಎಳೆದರು. ಕಡೆಗೋಲು ಅದರ ಅಡುಗೆಮನೆಯಲ್ಲೇ ಉಳಿದಿದೆ, ಅದಕ್ಕೇ ಅವ್ವನ ಕೈಗೆ ಅಷ್ಟೆಲ್ಲ ನೆನಪಾಯಿತು. ಗಾಜಿನ ಪೆಟ್ಟಿಗೆಯಲ್ಲಿ ಇದ್ದಿದ್ದರೆ ಹೆಸರು ಓದಿ ಮುಂದೆ ಹೋಗುತ್ತಿದ್ದಳು. ಇಂಥ ಮನೆಗಳಲ್ಲಿ ತಿಂಗಳಿಗೊಂದು ದಿನ ಊರಿನ ಹಿರಿಯರನ್ನು ಕೂರಿಸಿ, ನಿಜವಾದ ಮೊಸರು ಹಾಕಿ ಕಡೆಸಿದರೆ ಎಷ್ಟು ಚೆನ್ನಾಗಿರುತ್ತದೆ! ಬಂದ ಮಕ್ಕಳಿಗೆ ಮಜ್ಜಿಗೆಯೂ ಸಿಗುತ್ತದೆ.

ಅವ್ವನ ಮಂಡಿನೋವಿನಿಂದ ಹತ್ತಿರದ ಗುಡ್ಡ ಕವಿಶೈಲಕ್ಕೆ ಹತ್ತಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ, "ನಮ್ಮ ಭೂಮಣ್ಣಿ ಬುಟ್ಟಿನೂ ಹಿಂಗೇ ಇಡ್ತಾರಾ?" ಅಂದಳು. ನಾವು ಸಾಗರದ ಕಡೆಯ ದೀವರ ಸಮುದಾಯದವರು. ದಸರಾ ಆದಮೇಲೆ ಬರುವ ಭೂಮಿ ಹುಣ್ಣಿಮೆಗೆ ಮುಂಚೆ ಹೆಂಗಸರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಾರೆ. ಅಕ್ಕಿಹಿಟ್ಟಿನಿಂದ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಂದ ಹಳದಿ. ಕುಂಚ ಪುಂಡಿ ನಾರಿನದು. ಹಬ್ಬದ ದಿನ ಬೆಳಕು ಹರಿಯುವ ಮುಂಚೆ ಗಂಡಸರು ಆ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ ಚರಗ, ಅಂದರೆ ಭೂಮಿಗೆ ಎಡೆ, ಚೆಲ್ಲುತ್ತಾರೆ. ಬಸುರಿ ಭೂಮಿತಾಯಿಗೆ ಬಯಕೆ ಊಟ ಅದು. ಬುಟ್ಟಿಯನ್ನು ಮ್ಯೂಸಿಯಂನಲ್ಲಿ ಇಡಬಹುದು. ಆ ಕತ್ತಲಲ್ಲಿ ಗದ್ದೆಯಿಂದ ಗದ್ದೆಗೆ ಕೇಳುವ ಕೂಗನ್ನು ಎಲ್ಲಿ ಇಡೋದು?

ನನಗೆ ಚಿತ್ತಾರ ನೋಡಿ ಮಾತ್ರ ಗೊತ್ತು. ಈ ಸಲ ದಸರಾ ಮುಗಿದ ಕೂಡಲೇ ರಜೆ ಹಾಕಿ ಊರಿಗೆ ಹೋಗುತ್ತೇನೆ. ಪುಂಡಿ ನಾರು ಜಜ್ಜಿ ಕುಂಚ ಮಾಡುವುದರಿಂದಲೇ ಶುರು ಮಾಡು ಅಂದಿದ್ದಾಳೆ ಅವ್ವ.