ಹೊಸ ವಾಸ್ತುಶಿಲ್ಪಿಗಳ ಚಿತ್ರಗಳಲ್ಲಿ ನಾನು ಹುಡುಕುವುದೇನು?

ಈಗಷ್ಟೇ ಓದು ಮುಗಿಸಿ ಬಂದ ವಾಸ್ತುಶಿಲ್ಪಿಯಲ್ಲಿ ಕಸುವಿದೆಯೆಂದು ಹೇಗೆ ಗುರುತಿಸುತ್ತೀರಿ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು, ಅವರ ಹೆತ್ತವರು, ಹೊಸದಾಗಿ ಸ್ವಂತ ಕಚೇರಿ ತೆರೆದ ಗೆಳೆಯರು, ಹೀಗೆ ಎಲ್ಲರೂ ನನ್ನನ್ನು ಕೇಳುತ್ತಿರುತ್ತಾರೆ. ಆ ವ್ಯಕ್ತಿ ಈವರೆಗೆ ಏನನ್ನು ಗಮನಿಸಿ ನೋಡಿದ್ದಾರೆ ಎಂಬುದನ್ನು ನಾನು ಹುಡುಕುತ್ತೇನೆ.

ಐದು ವರ್ಷಗಳ ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಮುಗಿಸಿದವರು ತಮ್ಮ ಕೆಲಸಗಳನ್ನು ಸೇರಿಸಿ ತರುವ ಪೋರ್ಟ್‌ಫೋಲಿಯೊಗಳಲ್ಲಿ ಈಗ ಕಟ್ಟಡ ಮುಗಿದಂತೆ ಕಂಪ್ಯೂಟರಿನಲ್ಲಿ ಮೂಡಿಸಿದ ಸಂಜೆಬೆಳಕಿನ ರೆಂಡರ್ ಚಿತ್ರಗಳೇ ತುಂಬಿರುತ್ತವೆ. ಅವು ಸುಂದರವಾಗಿಯೇ ಇರುತ್ತವೆ, ಆದರೆ ಒಬ್ಬರದನ್ನು ಇನ್ನೊಬ್ಬರದರಿಂದ ಬೇರ್ಪಡಿಸುವುದು ಕಷ್ಟ. ಆದ್ದರಿಂದ ನಾನು ಮೊದಲು ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ಬರೆದ ಚಿತ್ರ, ತೋರಿಸಿ ಎನ್ನುತ್ತೇನೆ. ಮೆಟ್ಟಿಲು ಹತ್ತುವವರ ತಲೆ ಮೇಲಿನ ತೊಲೆಗೆ ತಾಗುತ್ತದೆಯೇ, ಸ್ಲ್ಯಾಬಿನ ದಪ್ಪವನ್ನು ಲೆಕ್ಕಕ್ಕೆ ಹಿಡಿದಿದ್ದಾರೆಯೇ, ತಾರಸಿಯ ಮಳೆನೀರು ಎಲ್ಲಿಂದ ಇಳಿಯುತ್ತದೆ ಎಂಬುದೆಲ್ಲ ಅಲ್ಲಿ ಬಯಲಾಗುತ್ತದೆ.

ಕೆಲವು ವರ್ಷಗಳ ಹಿಂದೆ ಹಾಸನದ ಕಡೆಯ ಹುಡುಗಿಯೊಬ್ಬಳು ಕೆಲಸ ಕೇಳಿಕೊಂಡು ಬಂದಿದ್ದಳು. ಇಂಗ್ಲಿಷಿನಲ್ಲಿ ನಡೆದ ಮೊದಲ ಹದಿನೈದು ನಿಮಿಷ ಅವಳಿಂದ ನಾಲ್ಕು ಮಾತೂ ಸರಿಯಾಗಿ ಹೊರಡಲಿಲ್ಲ, ಅವಳ ರೆಂಡರ್‌ಗಳೂ ಸಾಧಾರಣವಾಗಿದ್ದವು. ಪೋರ್ಟ್‌ಫೋಲಿಯೊದ ಕೊನೆಯಲ್ಲಿ ಅಜ್ಜಿಯ ತೊಟ್ಟಿಮನೆಯನ್ನು ಅಳೆದು ಪೆನ್ಸಿಲಿನಲ್ಲಿ ಬರೆದ ಎರಡು ಹಾಳೆಗಳಿದ್ದವು. ತೊಟ್ಟಿಯ ಹಾಸುಗಲ್ಲು ಯಾವ ಮೂಲೆಗೆ ಇಳಿಜಾರಾಗಿದೆ, ನೀರು ಯಾವ ಗೋಡೆಯ ಕೆಳಗಿನ ತೂಬಿನಿಂದ ಹೊರಗೆ ಹೋಗುತ್ತದೆ, ಹೊಸ್ತಿಲು ಎಲ್ಲಿ ಸವೆದಿದೆ, ಎಲ್ಲವನ್ನೂ ಗುರುತಿಸಿದ್ದಳು. ಮರದ ಕಂಬಗಳ ಬುಡಕ್ಕೆ ಕಲ್ಲು ಏಕಿದೆ ಎಂದು ಕನ್ನಡದಲ್ಲಿ ಕೇಳಿದೆ. ಸೂರಿನಿಂದ ಬಿದ್ದ ನೀರು ಎಷ್ಟು ಎತ್ತರಕ್ಕೆ ಸಿಡಿಯುತ್ತದೋ ಅಷ್ಟೆತ್ತರದ ಕಲ್ಲನ್ನು ಇಟ್ಟಿದ್ದಾರೆ ಎಂದು ಅವಳು ವಿವರಿಸತೊಡಗಿದಾಗ ನಮ್ಮ ಮಾತುಕತೆ ಒಂದು ಗಂಟೆ ನಡೆಯಿತು. ಕನ್ನಡದಲ್ಲಿ ಆ ಪ್ರಶ್ನೆ ಕೇಳದೇ ಹೋಗಿದ್ದರೆ ಅವಳನ್ನು ನಾನು ಕಳೆದುಕೊಳ್ಳುತ್ತಿದ್ದೆ. ಅದಕ್ಕೂ ಮುಂಚೆ ಎಷ್ಟು ಮಂದಿಯನ್ನು ಹೀಗೆ ಕಳೆದುಕೊಂಡಿದ್ದೇನೋ ಎಂಬ ಯೋಚನೆ ಇಂದಿಗೂ ನನ್ನನ್ನು ಬಾಧಿಸುತ್ತದೆ. ಬೆಂಗಳೂರಿನ ಕಚೇರಿಗಳಲ್ಲಿ ನಾವು ಮಾತಿನ ಸರಾಗವನ್ನು ಪ್ರತಿಭೆಯೆಂದು ಬಲು ಸುಲಭವಾಗಿ ನಂಬಿಬಿಡುತ್ತೇವೆ.

ಈ ವಿಷಯ ಬಂದಾಗಲೆಲ್ಲ ನನಗೆ ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ ಅಮೆರಿಕದ ಯೋಧರಿಗಾಗಿ ವಾಷಿಂಗ್ಟನ್ನಿನಲ್ಲಿ ಕಟ್ಟಿದ ಸ್ಮಾರಕದ ವಿನ್ಯಾಸ ಸ್ಪರ್ಧೆ ನೆನಪಾಗುತ್ತದೆ. 1981ರಲ್ಲಿ ಅಲ್ಲಿಗೆ 1,421 ವಿನ್ಯಾಸಗಳು ಬಂದಿದ್ದವು. ಅವುಗಳ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ ಇತ್ತು. ಎಂಟು ಜನರ ತೀರ್ಪುಗಾರರ ಮಂಡಳಿ ಆರಿಸಿದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಪದವಿ ಓದುತ್ತಿದ್ದ, 21 ವರ್ಷದ ಮಾಯಾ ಲಿನ್ ಅವರ ವಿನ್ಯಾಸವನ್ನು. ಅವರು ಕಳಿಸಿದ್ದು ಮೆತ್ತನೆಯ ಪೇಸ್ಟಲ್ ಬಣ್ಣದ ಸರಳ ಚಿತ್ರಗಳು ಮತ್ತು ಕೈಬರಹದ ವಿವರಣೆ. ಆದರೆ ಅವರು ಆ ಜಾಗಕ್ಕೆ ಹೋಗಿ ನಿಂತು, ನೆಲವನ್ನೇ ಸೀಳಿದಂತೆ ಕಪ್ಪು ಗೋಡೆಯನ್ನು ಇಳಿಸಬೇಕೆಂದು ಕಂಡುಕೊಂಡಿದ್ದರು. ವಯಸ್ಸು, ಕಾಲೇಜು, ಹೆಸರು ಮೊದಲೇ ತಿಳಿದಿದ್ದರೆ ಆ ಹಾಳೆಗಳ ಮುಂದೆ ಅಷ್ಟು ಹೊತ್ತು ಯಾರು ನಿಲ್ಲುತ್ತಿದ್ದರು? ಈಗ ನಾನೂ ಅರ್ಜಿಗಳ ಮೊದಲ ಪುಟವನ್ನು ತೆಗೆದಿಟ್ಟು ಚಿತ್ರಗಳನ್ನಷ್ಟೇ ನೋಡುತ್ತೇನೆ.

ಗುರುತಿಸುವುದೆಂದರೆ ಕೊನೆಗೆ ಕೆಲಸ ಕೊಡುವುದು. ಭಾರತದ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಸ್ವಂತ ಕಚೇರಿ ತೆರೆದದ್ದು 1958ರಲ್ಲಿ, ಸಾಬರಮತಿ ಆಶ್ರಮದ ಗಾಂಧಿ ಸಂಗ್ರಹಾಲಯದ ಕೆಲಸ ಅವರ ಕೈಗೆ ಬಂದದ್ದೂ ಆಗಲೇ, 28ರ ವಯಸ್ಸಿನಲ್ಲಿ. ಇಟ್ಟಿಗೆಯ ಕಂಬ, ಹೆಂಚಿನ ಸೂರು, ಗಾಜಿಲ್ಲದ ಕಿಟಕಿಗಳಿಗೆ ಮರದ ಪಟ್ಟಿಗಳು: ಪಕ್ಕದಲ್ಲಿದ್ದ ಗಾಂಧೀಜಿಯವರ ಮನೆಯನ್ನು ಚೆನ್ನಾಗಿ ನೋಡಿದವರು ಮಾಡಿದ ಕಟ್ಟಡ ಅದು.

ನಾನು ಕೊಡುವ ಕೆಲಸ ಅಷ್ಟು ದೊಡ್ಡದಲ್ಲ, ಹೆಚ್ಚಾಗಿ ಯಾವುದಾದರೂ ಮನೆಯ ಮೆಟ್ಟಿಲಿನ ವಿನ್ಯಾಸ. ಮೊದಲ ಕರಡನ್ನು ಕೆಂಪು ಪೆನ್ನಿನಲ್ಲಿ ತಿದ್ದಿ, ಸೈಟಿಗೆ ಕಳಿಸಿ, ಮೇಸ್ತ್ರಿಯ ಜೊತೆ ಮಾತಾಡಿಕೊಂಡು ಬರಲು ಹೇಳುತ್ತೇನೆ. ಹೇಳಿದ್ದನ್ನಷ್ಟೇ ಸರಿಪಡಿಸಿ ತರುವವರು ಒಳ್ಳೆಯ ಕೆಲಸಗಾರರಾಗುತ್ತಾರೆ, ಅವರಿಗೂ ನಮ್ಮಲ್ಲಿ ಗೌರವದ ಜಾಗವಿದೆ. ತೊಟ್ಟಿಮನೆಯ ಹುಡುಗಿ ಮರುದಿನ ಬಂದು, ನಾನು ತಿದ್ದಿದಂತೆ ಮಾಡಿದರೆ ಮೆಟ್ಟಿಲಿನ ನಡುಹಂತ ಕಿಟಕಿಗೆ ಅಡ್ಡ ಬರುತ್ತದೆ ಎಂದು ಟೇಪು ಹಿಡಿದು ಅಳೆದ ಅಂಕಿಗಳನ್ನು ಮೇಜಿನ ಮೇಲಿಟ್ಟಳು. ನಾವು ಕಟ್ಟುತ್ತಿದ್ದ ಆ ಮನೆಯ ಮೆಟ್ಟಿಲು ಅವಳು ಬರೆದಂತೆಯೇ ಕಟ್ಟಲ್ಪಟ್ಟಿತು.